ನಿಮ್ಮ ಫೋನ್ ಕ್ಯಾಮೆರಾದ ಇಬ್ಬರು ಅಜ್ಜಂದಿರು

ಫೋನ್ ಡಬ್ಬದ ಮೇಲೆ 50 ಮೆಗಾಪಿಕ್ಸೆಲ್ ಅಂತ ದೊಡ್ಡದಾಗಿ ಬರೆದಿರುತ್ತೆ. ಆದ್ರೆ ತೆಗೆದ ಫೋಟೋ ಹೆಚ್ಚಾಗಿ 12 ಮೆಗಾಪಿಕ್ಸೆಲ್ ಇರುತ್ತೆ! ಮೋಸನಾ? ಅಲ್ಲ. ಇದು ಅರ್ಥ ಆಗ್ಬೇಕಂದ್ರೆ ಜಪಾನಿನ ಎರಡು ಹಳೇ ಕ್ಯಾಮೆರಾಗಳ ಕಥೆ ಕೇಳ್ಬೇಕು.

ಮೊದಲನೆಯದು 1999ರ ನಿಕಾನ್ ಡಿ1. ಒಳಗಿದ್ದದ್ದು ಸಿಸಿಡಿ ಸೆನ್ಸರ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ತಂತ್ರ ಇದು. ಸೆನ್ಸರ್ ಮೇಲೆ ಲಕ್ಷಾಂತರ ಪುಟ್ಟ ಕೊಡಗಳಿವೆ, ಅವುಗಳಲ್ಲಿ ಬೆಳಕು ತುಂಬುತ್ತೆ ಅಂದ್ಕೊಳ್ಳಿ. ಸಿಸಿಡಿಯಲ್ಲಿ ಆ ಕೊಡಗಳು ಸಾಲಾಗಿ ಕೈಯಿಂದ ಕೈಗೆ ದಾಟಿ, ಕೊನೆಯಲ್ಲಿ ಒಂದೇ ಕಡೆ ಅಳತೆ ಆಗ್ತವೆ. ಅಳತೆ ಸಮ ಇರುತ್ತೆ, ಆದ್ರೆ ಬ್ಯಾಟರಿ ಜಾಸ್ತಿ ಬೇಕು.

ಎರಡನೆಯದು 2000ದ ಕ್ಯಾನನ್ ಡಿ30. ಇದರದ್ದು ಸಿಮಾಸ್ ಸೆನ್ಸರ್. ಇಲ್ಲಿ ಪ್ರತಿ ಕೊಡದ ಪಕ್ಕದಲ್ಲೇ ಅಳೆಯುವವನು ನಿಂತಿರ್ತಾನೆ. ವಿದ್ಯುತ್ ಉಳಿಯುತ್ತೆ. ಆದ್ರೆ ಒಬ್ಬೊಬ್ಬರ ಅಳತೆ ಒಂದೊಂದು ಥರ. ಚಿತ್ರದಲ್ಲಿ ಕಲೆ, ಗೀರು. ಅದಕ್ಕೇ ಆಗ ಸಿಮಾಸ್ ಅಂದ್ರೆ ಅಗ್ಗದ ಕ್ಯಾಮೆರಾಗಳಿಗೆ ಸರಿ ಅನ್ನೋ ಮಾತಿತ್ತು. ಕ್ಯಾನನ್ ಏನು ಮಾಡ್ತು? ಅಂಗಡಿಯವರು ಎಣ್ಣೆ ತೂಗೋಕೆ ಮುಂಚೆ ಖಾಲಿ ಡಬ್ಬ ತೂಗ್ತಾರಲ್ಲ, ಹಾಗೇ. ಮೊದಲು ಪ್ರತಿ ಪಿಕ್ಸೆಲ್‌ನ ತಪ್ಪನ್ನು ಅಳೆದು, ಆಮೇಲೆ ಬೆಳಕಿನ ಲೆಕ್ಕದಿಂದ ಕಳೆಯಿತು. ಚಿತ್ರ ಸ್ವಚ್ಛವಾಯ್ತು.

ಎರಡೂ ಸೆನ್ಸರ್‌ಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಡಿ1 ಕೊಡ್ತಿದ್ದದ್ದು 27 ಲಕ್ಷ ಪಿಕ್ಸೆಲ್, ಡಿ30 ಕೊಡ್ತಿದ್ದದ್ದು 31 ಲಕ್ಷ. ಆದ್ರೆ ಒಂದು ಗುಟ್ಟಿತ್ತು. ಡಿ1ನ ಸೆನ್ಸರ್ ಮೇಲೆ ನಿಜವಾಗಿ ಇದ್ದದ್ದು 1 ಕೋಟಿ 8 ಲಕ್ಷ ಕೊಡಗಳು! ನಾಲ್ಕು ನಾಲ್ಕನ್ನು ಕೂಡಿಸಿ ಒಂದೊಂದು ಪಿಕ್ಸೆಲ್ ಮಾಡ್ತಿತ್ತು. ಬೆಳಕು ಹೆಚ್ಚು ಸೇರುತ್ತೆ, ಕತ್ತಲಲ್ಲೂ ಚಿತ್ರ ಚೆನ್ನಾಗಿರುತ್ತೆ.

ಕೊನೆಗೆ ಗೆದ್ದದ್ದು ಯಾರು? ಸೆನ್ಸರ್ ವಿಷಯದಲ್ಲಿ ಸಿಮಾಸ್. 2004ರ ಡಿ2ಎಕ್ಸ್‌ನಲ್ಲಿ ನಿಕಾನ್ ಕೂಡ ಅದನ್ನೇ ಬಳಸಿತು. ಇವತ್ತು ನಿಮ್ಮ ಫೋನ್‌ನಲ್ಲಿರೋದೂ ಸಿಮಾಸೇ. ಆದ್ರೆ ನಾಲ್ಕನ್ನು ಒಂದು ಮಾಡೋ ಡಿ1ನ ಉಪಾಯವೂ ಸತ್ತಿಲ್ಲ. 50ನ್ನು ನಾಲ್ಕರಿಂದ ಭಾಗಿಸಿ ನೋಡಿ, 12.5 ಬರುತ್ತೆ.

ಹಾಗಾಗಿ ಮುಂದಿನ ಫೋನ್ ಕೊಳ್ಳುವಾಗ ಡಬ್ಬದ ಮೇಲಿನ ನಂಬರ್ ಒಂದನ್ನೇ ನಂಬಿ ದುಡ್ಡು ಸುರೀಬೇಡಿ. ಸೆನ್ಸರ್ ಎಷ್ಟು ದೊಡ್ಡದು ಅಂತ ಕೇಳಿ. ಸಂಜೆ ಬೆಳಕಲ್ಲಿ ಒಂದು ಫೋಟೋ ತೆಗೆದು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.