ಚಳಿ ನಡುಕ ಇಲ್ಲದಿದ್ದರೆ ಅದು ಮಲೇರಿಯಾ ಅಲ್ಲವೇ?

"ಗಡಗಡ ನಡುಗಿದರೆ ಮಲೇರಿಯಾ, ಇಲ್ಲದಿದ್ದರೆ ವೈರಲ್ ಜ್ವರ. ದಿನ ಬಿಟ್ಟು ದಿನ ಬಂದರೆ ಮಲೇರಿಯಾ, ದಿನವೂ ಬಂದರೆ ಅಲ್ಲ." ಇಂಥ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಎಷ್ಟು ನಿಜ?

ಚಳಿ, ಸುಡುವ ಜ್ವರ, ಬೆವರು ಎಂಬ ಮೂರು ಹಂತಗಳು ಮಲೇರಿಯಾದಲ್ಲಿ ಕಾಣುವುದು ನಿಜ. ಪ್ಲಾಸ್ಮೋಡಿಯಂ ಎಂಬ ಪರಾವಲಂಬಿಗಳು ಕೆಂಪು ರಕ್ತಕಣಗಳನ್ನು ಒಡೆದುಕೊಂಡು ಒಟ್ಟಿಗೆ ಹೊರಬಂದಾಗ ಜ್ವರ ಏರುತ್ತದೆ. ವೈವಾಕ್ಸ್ ಬಗೆಯಲ್ಲಿ ಇದು ಸುಮಾರು 48 ಗಂಟೆಗಳಿಗೊಮ್ಮೆ ನಡೆಯುತ್ತದೆ. ಆದರೆ ಮೊದಲ ದಿನಗಳಲ್ಲಿ ಎಲ್ಲ ಪರಾವಲಂಬಿಗಳೂ ಒಂದೇ ಹೆಜ್ಜೆಯಲ್ಲಿ ಇರುವುದಿಲ್ಲ. ಹಾಗಾಗಿ ಜ್ವರ ದಿನವೂ ಬರಬಹುದು, ಬಿಡದೆ ಇರಬಹುದು, ಬರೀ ತಲೆನೋವು, ಮೈಕೈ ನೋವು, ವಾಂತಿಯಾಗಿಯೂ ತೋರಬಹುದು. ಮಕ್ಕಳಲ್ಲಿ ಕೆಮ್ಮು, ಭೇದಿಯೂ ಇರಬಹುದು. ಡೆಂಗಿ, ಟೈಫಾಯ್ಡ್, ಇಲಿಜ್ವರಗಳೂ ಹೀಗೆಯೇ ಆರಂಭವಾಗುತ್ತವೆ. ಲಕ್ಷಣ ನೋಡಿ ಮಲೇರಿಯಾ ಹೌದೋ ಅಲ್ಲವೋ ಎಂದು ಹೇಳಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ರಕ್ತ ಪರೀಕ್ಷೆಯೇ ಹೇಳಬೇಕು.

ಪರೀಕ್ಷೆ ಹೇಗೆ?

ಮೊದಲನೆಯದು ರಕ್ತಲೇಪನ. ಬೆರಳ ತುದಿಯ ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ದಪ್ಪವಾಗಿ ಒಂದೆಡೆ, ತೆಳುವಾಗಿ ಇನ್ನೊಂದೆಡೆ ಹಚ್ಚಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದಪ್ಪ ಲೇಪನದಲ್ಲಿ ಹೆಚ್ಚು ರಕ್ತ ಇರುವುದರಿಂದ ಕೆಲವೇ ಪರಾವಲಂಬಿಗಳಿದ್ದರೂ ಸಿಗುತ್ತವೆ. ಅವು ಯಾವ ಬಗೆಯವು ಎಂಬುದು ತೆಳು ಲೇಪನದಲ್ಲಿ ಸ್ಪಷ್ಟವಾಗುತ್ತದೆ. 1880ರಲ್ಲಿ ಲ್ಯಾವೆರಾನ್ ಎಂಬ ಫ್ರೆಂಚ್ ವೈದ್ಯ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಈ ಪರಾವಲಂಬಿಯನ್ನು ಕಂಡದ್ದೂ ಸೂಕ್ಷ್ಮದರ್ಶಕದಿಂದಲೇ.

ಎರಡನೆಯದು ಕ್ಷಿಪ್ರ ಪರೀಕ್ಷಾ ಕಿಟ್. ಪರಾವಲಂಬಿಯ ಪ್ರೋಟೀನನ್ನು ಗುರುತಿಸಿ ಸುಮಾರು 15–20 ನಿಮಿಷದಲ್ಲಿ ಗೆರೆಗಳ ಮೂಲಕ ಉತ್ತರ ಕೊಡುತ್ತದೆ. ಲ್ಯಾಬ್ ಇಲ್ಲದ ಹಳ್ಳಿಯಲ್ಲಿ ಇದು ದೊಡ್ಡ ಅನುಕೂಲ. ಆದರೆ ಫಾಲ್ಸಿಪ್ಯಾರಂ ಬಗೆಯ ಪ್ರೋಟೀನ್ ರೋಗ ವಾಸಿಯಾದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿಯಬಹುದು. ಆದ್ದರಿಂದ ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ರಕ್ತಲೇಪನವೇ ಸೂಕ್ತ.

"ನೆಗೆಟಿವ್ ಬಂತು, ಇನ್ನು ಚಿಂತೆಯಿಲ್ಲ" ಎನ್ನಬಹುದೇ?

ಒಂದೇ ಸಲಕ್ಕೆ ಹಾಗೆನ್ನಲಾಗದು. ಆರಂಭದಲ್ಲಿ ಪರಾವಲಂಬಿಗಳ ಸಂಖ್ಯೆ ಕಡಿಮೆ. ಫಾಲ್ಸಿಪ್ಯಾರಂನ ಬಲಿತ ಪರಾವಲಂಬಿಗಳಿರುವ ಕಣಗಳಂತೂ ಒಳಅಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುತ್ತವೆ, ಬೆರಳಿನ ಹನಿಯಲ್ಲಿ ಸಿಗುವುದಿಲ್ಲ. ಮನೆಯಲ್ಲಿದ್ದ ಮಲೇರಿಯಾ ಮಾತ್ರೆಯನ್ನು ಮೊದಲೇ ನುಂಗಿದ್ದರೂ ಫಲಿತಾಂಶ ದಾರಿ ತಪ್ಪಿಸಬಹುದು. ಅನುಮಾನ ಉಳಿದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ರಕ್ತ ಕೊಡಲು ಜ್ವರ ಏರುವ ತನಕ ಕಾಯಬೇಕಿಲ್ಲ.

ಇನ್ನೊಂದು ಗೊಂದಲ ಪ್ಲೇಟ್‌ಲೆಟ್‌ನದು. ಅದು ಇಳಿದ ಕೂಡಲೇ ಡೆಂಗಿ ಎಂದುಕೊಳ್ಳುತ್ತೇವೆ. ಮಲೇರಿಯಾದಲ್ಲೂ ಅದು ಇಳಿಯುತ್ತದೆ.

ಬಗೆ ತಿಳಿಯುವುದು ಏಕೆ ಮುಖ್ಯ?

ಫಾಲ್ಸಿಪ್ಯಾರಂ ಮೆದುಳು, ಮೂತ್ರಪಿಂಡಗಳಿಗೆ ಬೇಗ ಹಾನಿ ಮಾಡಬಲ್ಲದು, ಅದರ ಔಷಧವೇ ಬೇರೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮರಳುತ್ತದೆ. ಅದನ್ನು ಬೇರುಸಹಿತ ಕೀಳಲು ನಮ್ಮಲ್ಲಿ ಸಾಮಾನ್ಯವಾಗಿ 14 ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ಮೂರನೇ ದಿನಕ್ಕೇ ನಿಲ್ಲಿಸಿದರೆ ಕಾಯಿಲೆ ಮತ್ತೆ ಬರಬಹುದು. ಗರ್ಭಿಣಿಯರಿಗೂ ಜಿ6ಪಿಡಿ ಕೊರತೆ ಇರುವವರಿಗೂ ಈ ಮಾತ್ರೆ ಅಪಾಯ ತರಬಹುದು. ಹಾಗಾಗಿ ವೈದ್ಯರನ್ನು ಕೇಳದೆ ನುಂಗಬಾರದು.

ನಾವು ಮಾಡಬೇಕಾದದ್ದು

ಮಲೇರಿಯಾ ಇರುವ ಊರಿನಲ್ಲಿದ್ದರೆ, ಅಥವಾ ಅಂಥಲ್ಲಿಗೆ ಹೋಗಿ ಬಂದಿದ್ದರೆ, ಜ್ವರ ಬಂದ ದಿನವೇ ಪರೀಕ್ಷೆ ಮಾಡಿಸೋಣ. ಇದು ಕಾಡಂಚಿನ ಕಾಯಿಲೆ ಮಾತ್ರವಲ್ಲ. ಮಂಗಳೂರಿನಂಥ ನಗರದಲ್ಲೂ ಕಟ್ಟಡ ಕಾಮಗಾರಿಯ ನೀರು, ಮುಚ್ಚಳವಿಲ್ಲದ ಟ್ಯಾಂಕುಗಳಲ್ಲಿ ಇದನ್ನು ಹರಡುವ ಸೊಳ್ಳೆ ಬೆಳೆದಿದೆ. ಹಿಂದಿನ ತಿಂಗಳುಗಳ ಪ್ರಯಾಣವನ್ನು ವೈದ್ಯರಿಗೆ ತಿಳಿಸೋಣ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ಮಂಪರು, ಫಿಟ್ಸ್, ಏದುಸಿರು, ಕಾಮಾಲೆ, ನಿಲ್ಲದ ವಾಂತಿ, ಕಡುಬಣ್ಣದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಡುಕ ಬರಲಿ ಎಂದು ಕಾಯುತ್ತಾ ಕುಳಿತರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ.