ಹೇರೆತ್ತು ತುಳಿದ ಹಾದಿ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ, ಮನೆಯಲ್ಲಿ ಕಾರುಂಟು. ಆದರೆ ಆತ ಬಂದದ್ದು ಬೈಸಿಕಲ್ಲಿನ ಮೇಲೆ. ಅದೂ ನಾವು ಕಂಡುಂಡ ಬೈಸಿಕಲ್ಲಲ್ಲ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹಿಡಿ, ದಪ್ಪ ಟೈರು, ಟೈರಿನ ಮೈತುಂಬ ಸಣ್ಣ ಸಣ್ಣ ಗುಬುಟು. ಇದಕ್ಕೆ ಗ್ರಾವೆಲ್ ಬೈಸಿಕಲ್ಲೆಂದು ಹೆಸರಂತೆ. ಕಲ್ಲುಮಣ್ಣಿನ ಗರಸು ದಾರಿಗೆಂದೇ ಮಾಡಿದ್ದು. ಟೈರಿನಲ್ಲಿ ಗಾಳಿಯನ್ನು ಕೊಂಚ ಕಡಿಮೆ ಇಟ್ಟರೆ ದಾರಿಯ ಕುಲುಕಾಟವನ್ನೆಲ್ಲ ಅದೇ ನುಂಗಿಕೊಳ್ಳುತ್ತದಂತೆ.

“ಸಾರ್, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ಕಡೆಯಲ್ಲಿ ಡಾಂಬರು ಕಾಣದ ದಾರಿ ಯಾವುದಿದೆ ಹೇಳಿ. ಗುಡ್ಡ, ಕಣಿವೆ, ಹಳೆಯ ಹಳ್ಳಿ ಎಲ್ಲ ಸಿಗಬೇಕು” ಎಂದ.

ಡಾಂಬರು ಬೇಕೆಂದು ಅರ್ಜಿ ಬರೆದು ಬರೆದು ಬೆರಳು ಸವೆಸಿಕೊಂಡ ಹಳ್ಳಿಗಳ ನಡುವೆ ಬೆಳೆದವನು ನಾನು. ನಗು ಬಂತು. “ದುಡ್ಡು ಕೊಟ್ಟು ಕುಲುಕಾಟ ಕೊಂಡುಕೊಳ್ಳುವ ಕಾಲ ಬಂತೇನಪ್ಪಾ?” ಎಂದೆ. ಆತ ತನ್ನ ಫೋನನ್ನು ತೆರೆದು ನಕ್ಷೆ ತೋರಿಸಿದ. ಊರಿನಿಂದ ಊರಿಗೆ ಕೂದಲೆಳೆಯಂಥ ಬಿಳಿಯ ಗೆರೆಗಳು, ಒಂದಕ್ಕೂ ಹೆಸರಿಲ್ಲ. “ಇವೆಲ್ಲ ಖಾಲಿ ದಾರಿಗಳು ಸಾರ್” ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಈ ಸೀಮೆಯಲ್ಲಿ ಖಾಲಿ ದಾರಿ ಎಂಬುದು ಎಲ್ಲಿದೆ? ಅಂದು ಅವನಿಗೆ ಪೂರ್ತಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಈ ನಾಲ್ಕು ತಾಲ್ಲೂಕುಗಳು ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರಲ್ಲಿ ಆ ಜಿಲ್ಲೆ ಹುಟ್ಟುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಸರ್ಕಾರದ ಗಡಿಗಳು ಹೀಗೆ ಬದಲಾಗುತ್ತಿರುತ್ತವೆ; ಆದರೆ ನೆಲದ ಓಟ ಬದಲಾಗುವುದಿಲ್ಲ. ಪಶ್ಚಿಮದಲ್ಲಿ ನ್ಯಾಮತಿ ಮಲೆನಾಡಿನ ಸೆರಗು. ಅಲ್ಲಿಂದ ಮೂಡಲಿಗೆ ಬಂದರೆ ಹೊನ್ನಾಳಿಯಲ್ಲಿ ತುಂಗಭದ್ರೆ. ಹೊಳೆಯಾಚೆ ಚನ್ನಗಿರಿಯ ಗುಡ್ಡಗಳೂ ಕೆರೆಗಳೂ. ಕೊನೆಗೆ ಜಗಳೂರಿನ ಬಿರುಬಯಲು. ಮಳೆಯ ಊರಿನಿಂದ ಮಳೆಯಿಲ್ಲದ ಊರಿಗೆ ಒಂದು ಇಳಿಜಾರು. ಒಂದು ಕಡೆ ಅಡಿಕೆ, ಮೆಣಸು. ಇನ್ನೊಂದು ಕಡೆ ಜೋಳ, ಕಂಬಳಿ, ಉಪ್ಪು. ಒಬ್ಬರಲ್ಲಿಲ್ಲದ್ದು ಇನ್ನೊಬ್ಬರಲ್ಲಿದ್ದಾಗ ನಡುವೆ ದಾರಿ ಹುಟ್ಟಲೇಬೇಕಷ್ಟೆ.

ನ್ಯಾಮತಿಯ ವರ್ತಕರು ಮಲೆನಾಡಿಗೂ ಮೈದಾನಕ್ಕೂ ನಡುವಣ ಸರಕಿನ ವಿನಿಮಯದಿಂದ ಬದುಕುತ್ತಿದ್ದರೆಂದು ರೈಸರ ಗೆಜೆಟಿಯರು ಹೇಳುತ್ತದೆ. ದಾವಣಗೆರೆಯ ಮಾತೂ ಹಾಗೆಯೇ. ಹೈದರಾಲಿಯಿಂದ ಅದನ್ನು ಜಹಗೀರಾಗಿ ಪಡೆದ ಅಪ್ಪಾಜಿರಾಮನೆಂಬ ಮರಾಠಾ ಸರದಾರ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ನಗರ ಸೀಮೆಯ ಅಡಿಕೆ, ಮೆಣಸು ಅವರ ಕೈಯಿಂದ ದೂರದ ಆರ್ಕಾಟು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಅಲ್ಲಿಂದ ಮದರಾಸಿನ ಸರಕು ಮರಳಿ ಬರುತ್ತಿತ್ತು.

ಈ ಸರಕು ಹೋಗುತ್ತಿದ್ದುದು ಯಾವುದರ ಮೇಲೆ? ಗಾಡಿಯ ಮೇಲಲ್ಲ. ಗಾಡಿಗೆ ತಕ್ಕ ರಸ್ತೆ ಆಗ ಅಪರೂಪ. ಎತ್ತಿನ ಬೆನ್ನಿನ ಮೇಲೆ, ಎರಡು ಪಕ್ಕಕ್ಕೂ ತೂಗುವ ಗೋಣಿಗಳಲ್ಲಿ. ಈ ಹೇರೆತ್ತುಗಳನ್ನು ಸಾವಿರಗಟ್ಟಲೆ ಹೊಡೆದುಕೊಂಡು, ಹೆಂಡಿರು ಮಕ್ಕಳೊಡನೆ ತಾಂಡ ತಾಂಡವಾಗಿ ಸಾಗುತ್ತಿದ್ದವರು ಲಂಬಾಣಿಗಳು. ಎತ್ತಿಗೆ ಮೇವು ನೀರು ಎಲ್ಲಿ ಸಿಗುತ್ತದೋ ಅಲ್ಲಿ ಅವರ ಬಿಡಾರ. ಅವರ ದಾರಿ ನೇರವಾಗಿರಲಿಲ್ಲ. ಕೆರೆಯಿಂದ ಕೆರೆಗೆ, ಹಳ್ಳದಿಂದ ಹಳ್ಳಕ್ಕೆ, ಏರು ಕಡಿಮೆಯಿರುವ ಕಣಿವೆಯನ್ನು ಹುಡುಕಿಕೊಂಡು ಹೋಗುತ್ತಿತ್ತು. ನನ್ನ ವಿದ್ಯಾರ್ಥಿಯ ಬೈಸಿಕಲ್ಲು ಹುಡುಕುತ್ತಿರುವುದೂ ಇಂಥ ದಾರಿಯನ್ನೇ ಅಲ್ಲವೆ?

ಯುದ್ಧಗಳೂ ಈ ಎತ್ತುಗಳ ಬೆನ್ನಿನ ಮೇಲೆಯೇ ನಡೆದವು. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನಿಗೂ ಆಮೇಲೆ ವೆಲ್ಲೆಸ್ಲಿಗೂ ದವಸ ತಂದುಕೊಟ್ಟವರು ಈ ಬಂಜಾರರು. 1800ರಲ್ಲಿ ವೆಲ್ಲೆಸ್ಲಿ ಬೆನ್ನಟ್ಟಿ ಕೊಂದ ಧೋಂಡಿಯ ವಾಘ್ ಹುಟ್ಟಿದ್ದು ಈ ನಮ್ಮ ಚನ್ನಗಿರಿಯಲ್ಲಿ. ಇಬ್ಬರೂ ಓಡಾಡಿದ್ದು ದವಸ ಸಾಗುವ ದಾರಿಗಳಲ್ಲಿಯೇ.

ದಾರಿಯಿದ್ದ ಮೇಲೆ ತಂಗುದಾಣವೂ ಬೇಕು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪನಾಯಕನ ಪುಷ್ಕರಿಣಿಯನ್ನು ನೋಡಲು ಹೋದವರು ಅದರ ಎದುರಿಗಿರುವ ಮುಸಾಫಿರಖಾನೆಯನ್ನೂ ನೋಡಿರಬಹುದು. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಕಾಲದ್ದೆಂದು ಅದನ್ನು ಹೇಳುತ್ತಾರೆ. ಊರಿನ ಹೆಸರಿನಲ್ಲೇ ಸಂತೆ, ಕಣ್ಣೆದುರಿಗೆ ನೀರು, ಪಕ್ಕದಲ್ಲಿ ದಾರಿಹೋಕರಿಗೆ ನೆರಳು: ದಾರಿಯ ಊರೆಂದರೆ ಇನ್ನೇನು ಬೇಕು? ಅಲ್ಲಿಂದ ಮುಂದೆ ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಈ ನೀರಿನ ಸುತ್ತಳತೆ ನಲವತ್ತು ಮೈಲಿಯೆಂದು ರೈಸರು ಬರೆದಿದ್ದಾರೆ. ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂಬ ಕತೆಯನ್ನು ಅಲ್ಲಿಯ ಹಳ್ಳಿಗರು ಈಗಲೂ ಹೇಳುತ್ತಾರೆ. ಏರಿಯ ಮೇಲೆ ನಿಂತರೆ ಹರಿದ್ರಾ ಹೊಳೆ ಹರಿಹರದತ್ತ ಹೊರಟ ದಿಕ್ಕು ಕಾಣುತ್ತದೆ.

ಹೇರೆತ್ತಿನ ಹಾದಿ ಗಾಡಿಯ ರಸ್ತೆಯಾದದ್ದು ಹೇಗೆಂಬುದಕ್ಕೆ ಹೊನ್ನಾಳಿಗೆ ಹೋಗಬೇಕು. ಕಂದಾಯದ ಗುತ್ತಿಗೆದಾರರ ಕಾಟ ತಡೆಯಲಾರದೆ 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ಕೆಳದಿಯ ವಾರಸುದಾರ ನಾನೆಂದು ಬೂದಿ ಬಸವಪ್ಪ ಮುಂದೆ ನಿಂತ. 1831ರಲ್ಲಿ ಹೊನ್ನಾಳಿ ಕೋಟೆಯ ಮುಂದೆ ಕುಂಪಣಿಯ ಸೈನ್ಯ ಮೊದಲ ದಾಳಿಯಲ್ಲಿ ಹಿಂದೆ ಸರಿಯಬೇಕಾಯಿತು. ದಂಗೆ ಅಡಗಿತು, ಆದರೆ ಅದೇ ವರ್ಷ ಮೈಸೂರಿನ ಆಡಳಿತ ಮುಮ್ಮಡಿ ಕೃಷ್ಣರಾಜ ಒಡೆಯರ ಕೈ ಬಿಟ್ಟು ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. 1834ರಿಂದ 1861ರವರೆಗೆ ಆ ಪದವಿಯಲ್ಲಿದ್ದ ಮಾರ್ಕ್ ಕಬ್ಬನ್ ರಸ್ತೆ ಹಾಕಿಸುವುದನ್ನು ವ್ರತದಂತೆ ನಡೆಸಿದ. 1831ರಿಂದ 1856ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ 1,597 ಮೈಲಿ ರಸ್ತೆ, 309 ಸೇತುವೆ ಆದವೆಂದು ಲೆಕ್ಕವಿದೆ. ಅಡಿಕೆಗೆ, ಕಾಫಿಗೆ ಅನುಕೂಲವಾಯಿತೆಂಬುದು ನಿಜ. ದಂಗೆಯೆದ್ದ ಸೀಮೆಗೆ ದಂಡು ಬೇಗ ತಲಪಬಹುದಾಯಿತೆಂಬುದೂ ಅಷ್ಟೇ ನಿಜ.

ಆ ರಸ್ತೆಗಳ ವಿದ್ಯೆ ಸ್ಕಾಟ್‌ಲೆಂಡಿನ ಮೆಕಾಡಮ್ಮನದು. ದೊಡ್ಡ ಬಂಡೆಯ ತಳಪಾಯ ಬೇಡ; ಸಣ್ಣಗೆ ಒಡೆದ, ಮೂಲೆ ಚೂಪಾದ ಜಲ್ಲಿಯನ್ನು ಹರಡಿದರೆ ಗಾಡಿಯ ಭಾರಕ್ಕೆ ಅವು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ; ರಸ್ತೆಯ ನಡುಬೆನ್ನು ಕೊಂಚ ಎತ್ತರವಿದ್ದರೆ ನೀರು ನಿಲ್ಲದು. ಇಷ್ಟೇ ಸೂತ್ರ. ಆದರೆ ಆ ಜಲ್ಲಿಯನ್ನು ಒಡೆಯುವ ಕೈ ಯಾರದು?

ಈ ಪ್ರಶ್ನೆಗೆ ಜಗಳೂರಿನ ಕಡೆಯ ಒಣನೆಲ ಉತ್ತರ ಹೇಳುತ್ತದೆ. 1876ರಿಂದ 78ರವರೆಗಿನ ಬರವನ್ನು ನಮ್ಮವರು ಧಾತು ಈಶ್ವರದ ಬರವೆಂದು ಕರೆದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ ನಲವತ್ತೆರಡು ಲಕ್ಷದೊಳಕ್ಕೆ ಇಳಿದರು. ಅಂಥ ಬರಗಾಲದಲ್ಲಿ ಸರ್ಕಾರ ಕೊಡುತ್ತಿದ್ದ ಪರಿಹಾರವೆಂದರೆ ಹೆಚ್ಚಾಗಿ ಕೆಲಸ: ಕೆರೆಯ ಹೂಳು, ರೈಲಿನ ಮಣ್ಣು, ರಸ್ತೆಯ ಜಲ್ಲಿ. ಹೊಟ್ಟೆಗಿಲ್ಲದ ಗಂಡಸರು ಹೆಂಗಸರು ರಸ್ತೆಯ ಪಕ್ಕದಲ್ಲಿ ಕುಳಿತು ಕಲ್ಲೊಡೆದರು. ಜಗಳೂರಿನ ರಂಗಯ್ಯನದುರ್ಗದ ಕಾಡು ಇಂದು ಕೊಂಡುಕುರಿಯ ಅಭಯಾರಣ್ಯ. ಅದರ ಸುತ್ತಣ ಗರಸು ದಾರಿಗಳು ಬೈಸಿಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಆ ಸೀಮೆಯ ಮಾಳಿಗೆ ಮನೆಗಳ ಜಗಲಿಯಲ್ಲಿ ಕುಳಿತಾಗ, ಬೇರೆಡೆಯಲ್ಲಿ ಮಳೆಯ ಲೆಕ್ಕ ಹೇಳುವಂತೆ ಇಲ್ಲಿ ಬರದ ಲೆಕ್ಕ ಹೇಳುವುದನ್ನು ನಾನು ಕೇಳಿದ್ದೇನೆ.

ರಸ್ತೆ ಬಂತು, ಗಾಡಿ ಬಂತು, 1889ಕ್ಕೆ ರೈಲು ದಾವಣಗೆರೆಯನ್ನು ದಾಟಿ ಹರಿಹರವನ್ನೂ ಮುಟ್ಟಿತು. ಹೇರೆತ್ತಿನ ಬೆನ್ನು ಖಾಲಿಯಾಯಿತು. ನೂರಾರು ವರ್ಷ ನಾಡಿಗೆ ಉಪ್ಪು, ದವಸ ಹೊತ್ತು ತಂದ ಜನಕ್ಕೆ ಕಸುಬೇ ಇಲ್ಲವಾಯಿತು. ಅಷ್ಟಕ್ಕೇ ಮುಗಿಯಲಿಲ್ಲ; ಊರೂರು ತಿರುಗುವವರೆಲ್ಲ ಕಳ್ಳರೆಂಬ ಗುಮಾನಿಯಿಂದ 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ದೇಶದ ಹಲವೆಡೆ ಅವರ ಮೇಲೂ ಬಿತ್ತು. ದಾರಿ ಮಾಡಿದವನು ದಾರಿಯಲ್ಲಿ ನಡೆದರೆ ಠಾಣೆಗೆ ಹೇಳಿ ನಡೆಯಬೇಕೆಂಬ ವಿಚಿತ್ರ ನ್ಯಾಯ. ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ.

ಹಾಗೆಂದು ಈ ಸೀಮೆಯ ಗರಸು ದಾರಿಗಳೆಲ್ಲ ಹಳೆಯವೆಂದಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಯಿತು. ಆ ನೀರು ಕಾಲುವೆಯಲ್ಲಿ ಚನ್ನಗಿರಿ, ಹೊನ್ನಾಳಿ, ದಾವಣಗೆರೆಗಳತ್ತ ಹರಿದಾಗ ಕಾಲುವೆಯ ದಂಡೆಗುಂಟ ಒಂದೊಂದು ದಾರಿಯೂ ಹರಿಯಿತು. ನಮ್ಮವರು ಅದನ್ನು ಚಾನಲ್ ಏರಿ ಎನ್ನುತ್ತಾರೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ, ಈಗೀಗ ಅಡಿಕೆಯ ತೋಟ. ಹುಲ್ಲಿನ ಹೊರೆ, ಶಾಲೆಯ ಮಕ್ಕಳು, ಹಾಲಿನ ಕ್ಯಾನು ಕಟ್ಟಿದ ಹಳೆಯ ಬೈಸಿಕಲ್ಲು ಎಲ್ಲಕ್ಕೂ ಅದೇ ರಾಜಮಾರ್ಗ.

ಇಟಲಿಯ ಟಸ್ಕನಿಯಲ್ಲೂ ಇಂಥ ಬಿಳಿಯ ಗರಸು ದಾರಿಗಳಿದ್ದವು. ಡಾಂಬರು ಅವನ್ನು ಒಂದೊಂದಾಗಿ ನುಂಗುತ್ತಿತ್ತು. 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ಕೆಲವರು ಹಳೆಯ ಕಾಲದ ಬೈಸಿಕಲ್ಲುಗಳನ್ನೇರಿ ಆ ದಾರಿಗಳಲ್ಲಿ ಸವಾರಿ ಹೊರಟರು. ಅದು ವರ್ಷವರ್ಷವೂ ನಡೆಯುವ ಜಾತ್ರೆಯಾಯಿತು. ದಾರಿಗಳನ್ನು ಉಳಿಸಬೇಕೆಂಬ ಬುದ್ಧಿಯೂ ಅದರ ಜೊತೆಗೆ ಬೆಳೆಯಿತು. 2022ರಿಂದ ಗರಸು ದಾರಿಯ ಸವಾರಿಗೆ ಜಗತ್ತಿನ ಚಾಂಪಿಯನ್‌ಷಿಪ್ಪೂ ಉಂಟು. ಆದರೆ ಅವರಂತೆ ಡಾಂಬರನ್ನು ಬೇಡವೆನ್ನುವ ಹಕ್ಕು ನಮಗಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಸೇರಿಸಬೇಕಾದ ಹಳ್ಳಿಗೆ ನುಣುಪು ರಸ್ತೆಯೇ ಬೇಕು. ದಾರಿಗೆ ಡಾಂಬರು ಬೀಳಲಿ. ಆದರೆ ಅದರ ಕತೆಯ ಮೇಲೂ ಡಾಂಬರು ಬೀಳಬಾರದು. ನಮ್ಮಿಂದ ಆಗಬಹುದಾದದ್ದು ಅಷ್ಟು.

ಆದ್ದರಿಂದ ಆ ಹುಡುಗನಿಗೆ ದಾರಿ ಹೇಳಿದೆ. ಜೊತೆಗೆ ಒಂದು ಷರತ್ತನ್ನೂ ಹಾಕಿದೆ. “ಊರಿಗೊಂದು ಕಡೆ ಇಳಿ. ಕಟ್ಟೆಯ ಮೇಲೆ ಕುಳಿತ ಅಜ್ಜನನ್ನು ಈ ದಾರಿಯ ಹೆಸರೇನೆಂದು ಕೇಳು. ಹೇಳಿದ್ದನ್ನು ಬರೆದುಕೋ. ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಹೋಗದೆ ಮಾತ್ರ ಬರಬೇಡ” ಎಂದೆ. ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಲಂಬಾಣಿಗಳು ಪೂಜಿಸುವ ಊರದು. ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಗಳಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ.

ನಾಲ್ಕು ದಿನ ಬಿಟ್ಟು ಬಂದ. ಮೈ ಕಪ್ಪಾಗಿತ್ತು. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದ. ಸಂತೆ ದಾರಿ, ಹೊಳೆ ದಾರಿ, ಜಾತ್ರೆ ದಾರಿ ಎಂದು ಹನ್ನೊಂದು ಹೆಸರು ಬರೆದಿದ್ದ, ಒಂದೆರಡು ಕಡೆ ಇಬ್ಬರು ಅಜ್ಜಂದಿರು ಜಗಳವಾಡಿ ಬೇರೆ ಬೇರೆ ಹೆಸರು ಹೇಳಿದ್ದರಂತೆ, ಎರಡನ್ನೂ ಬರೆದುಕೊಂಡಿದ್ದ.

“ಖಾಲಿ ಇತ್ತೇನಪ್ಪಾ ದಾರಿ?” ಎಂದು ಕೇಳಿದೆ.

“ಇಲ್ಲ ಸಾರ್” ಎಂದ.