ರುಮಾಲಿನ ನಾಯ್ಡು, ಫ್ರೆಂಚ್ ಗುರುವಿನ ಬಳ್ಳಿ: ಮನೆ ಅಡುಗೆ ಅಂಗಡಿಯಾದ ಕಥೆ



ಕೊಡೈಕನಾಲಿಗೆ ಪ್ರವಾಸ ಹೋದವರೆಲ್ಲ ದಿಂಡಿಗಲ್ ಬಲ್ಲರು. ಬಲ್ಲರು ಅಂದರೆ, ಅಲ್ಲಿ ಇಳಿದು ಬಿರಿಯಾನಿ ತಿಂದು ಮತ್ತೆ ಬಸ್ ಹತ್ತಿದವರು. ಆ ಊರಿನ ಬೀಗಕ್ಕೂ ಹೆಸರಿದೆ, ಬಂಡೆಯ ಮೇಲಿನ ಕೋಟೆಗೂ ಇತಿಹಾಸವಿದೆ. ಆದರೆ ನಮ್ಮ ಯುವಕರ ಬಾಯಲ್ಲಿ ಮೊದಲು ಬರುವುದು ತಲಪ್ಪಾಕಟ್ಟಿ ಬಿರಿಯಾನಿಯೇ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ತೇನಿ, ಅದರಾಚೆ ಘಟ್ಟದ ಬುಡದಲ್ಲಿ ಕಂಬಂ ಕಣಿವೆ. ಅಲ್ಲಿನ ಹೆಸರು ದ್ರಾಕ್ಷಿಯದು. ಒಂದೇ ಸೀಮೆಯ ಈ ಎರಡು ತಿನಿಸುಗಳು ಎರಡು ಬೇರೆ ದಾರಿ ಹಿಡಿದು ಮಾರುಕಟ್ಟೆ ಸೇರಿದವು. ಮನೆಯಲ್ಲಿ ಚೆನ್ನಾಗಿ ಮಾಡುವುದನ್ನು ಮಾರಬಹುದೇ ಎಂದು ಲೆಕ್ಕ ಹಾಕುತ್ತಿರುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಬೇಕಾದಷ್ಟಿವೆ. ಆದ್ದರಿಂದ ಈ ಸಲ ಇದನ್ನೇ ಬರೆಯೋಣ ಎಂದುಕೊಂಡೆವು.

ಮೊದಲು ಬಿರಿಯಾನಿ. 1957ರಲ್ಲಿ ನಾಗಸಾಮಿ ನಾಯ್ಡು ಎಂಬುವರು ದಿಂಡಿಗಲ್ಲಿನಲ್ಲಿ ಒಂದು ಸಣ್ಣ ಹೋಟೆಲ್ ತೆರೆದರು. ಬೋರ್ಡಿನ ಮೇಲಿದ್ದ ಹೆಸರು ಆನಂದ ವಿಲಾಸ್ ಬಿರಿಯಾನಿ ಹೋಟೆಲ್. ನಾಯ್ಡು ಅವರ ತಲೆಯ ಮೇಲೆ ಸದಾ ಒಂದು ರುಮಾಲು ಇರುತ್ತಿತ್ತು. ತಮಿಳಿನಲ್ಲಿ ಅದು ತಲಪ್ಪಾ. ಗಿರಾಕಿಗಳು ಬೋರ್ಡನ್ನು ಓದಲಿಲ್ಲ, ರುಮಾಲನ್ನು ನೋಡಿದರು. 'ತಲಪ್ಪಾಕಟ್ಟಿ ಅಂಗಡಿಗೆ ಹೋಗೋಣ' ಅಂದರು. ಕೊನೆಗೆ ಗೆದ್ದದ್ದು ಜನ ಇಟ್ಟ ಹೆಸರೇ.

ರುಚಿಯ ಗುಟ್ಟು ಏನು? ಮಸಾಲೆ ಮನೆಯೊಳಗಿನದು, ಹೆಂಗಸರ ಕೈಯದು ಎಂದು ಆ ಕಡೆಯವರು ಹೇಳುತ್ತಾರೆ. ಅದಕ್ಕಿಂತ ಖಚಿತವಾಗಿ ಹೇಳಬಹುದಾದದ್ದು ಅಕ್ಕಿಯ ವಿಷಯ. ಅವರು ಬಾಸ್ಮತಿಯ ಹಿಂದೆ ಹೋಗಲಿಲ್ಲ, ಜೀರಿಗೆ ಸಾಂಬಾ ಹಿಡಿದರು. ಜೀರಿಗೆ ಕಾಳಿನಂತೆ ಸಣ್ಣಗಿರುವ, ತನ್ನದೇ ಪರಿಮಳವಿರುವ ತಮಿಳುನಾಡಿನ ಅಕ್ಕಿ ಅದು. ಉದ್ದ ಅಕ್ಕಿ ಉದುರುದುರಾಗಿ ನಿಂತರೆ ಈ ಸಣ್ಣ ಅಕ್ಕಿ ಮಾಂಸದ ರಸವನ್ನು ಹೀರಿಕೊಳ್ಳುತ್ತದೆ. ಮೊಸರು ಮತ್ತು ನಿಂಬೆಯ ಹುಳಿ ಹಿಂದೆ ನಿಲ್ಲುತ್ತದೆ. ಮಾಂಸಕ್ಕೆ ಕನ್ನಿವಾಡಿ, ಪರಮತ್ತಿ ಸಂತೆಗಳ ಕುರಿಯನ್ನೇ ಆರಿಸುತ್ತಿದ್ದರೆಂಬುದೂ ಆ ಹೋಟೆಲಿನ ಖ್ಯಾತಿಯ ಭಾಗ. ಹಬ್ಬಕ್ಕೊಮ್ಮೆ ಚೆನ್ನಾಗಿ ಅಡುಗೆ ಮಾಡುವವರು ಊರಿಗೆ ನೂರು ಜನ ಸಿಗುತ್ತಾರೆ. ಸೋಮವಾರವೂ ಶನಿವಾರವೂ ಅದೇ ಅಕ್ಕಿ, ಅದೇ ಸಂತೆಯ ಮಾಂಸ, ಅದೇ ರುಚಿ ಕೊಡುವವರು ಕಡಿಮೆ. ಹವ್ಯಾಸಕ್ಕೂ ವ್ಯಾಪಾರಕ್ಕೂ ಇರುವ ಗೆರೆ ನಮಗೆ ಕಂಡಂತೆ ಇದೇ. ಬಂಡವಾಳದ ಮಾತು ಆಮೇಲಿನದು.

ದಶಕಗಳ ಕಾಲ ಅದು ದಿಂಡಿಗಲ್ಲಿನ ಹೋಟೆಲಾಗಿಯೇ ಇತ್ತು. ಮೊಮ್ಮಗನ ಕಾಲಕ್ಕೆ ಕೊಯಮತ್ತೂರು, ಚೆನ್ನೈ, ನಮ್ಮ ಬೆಂಗಳೂರು, ಆಮೇಲೆ ವಿದೇಶ. ಅಷ್ಟರಲ್ಲಿ ಅದೇ ಧ್ವನಿಯ ಹೆಸರಿಟ್ಟುಕೊಂಡ ಬೇರೆ ಬಿರಿಯಾನಿ ಅಂಗಡಿಗಳೂ ಎದ್ದಿದ್ದವು. ಹೆಸರು ಯಾರದು ಎಂಬ ಜಗಳ ಮದ್ರಾಸ್ ಹೈಕೋರ್ಟಿನ ತನಕ ಹೋಯಿತು. ಒಬ್ಬ ಮನುಷ್ಯನ ತಲೆಯ ಮೇಲಿದ್ದ ಬಟ್ಟೆಯ ತುಂಡು ಟ್ರೇಡ್‌ಮಾರ್ಕ್ ಆಗಿ ವಕೀಲರ ಕೈ ಸೇರಿತು!

ಈಗ ಕಣಿವೆಗೆ ಬರೋಣ. ಕಂಬಂ ಎಂದರೆ ನಮಗೆ ಪರವೂರಲ್ಲ. ಅಲ್ಲಿನ ಒಕ್ಕಲಿಗರು, ಕಾಪ್ಪಿಲಿಯರು ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಮಾತಾಡುವ ಬೇಸಾಯಗಾರರು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲೂ ಕಾಪ್ಪಿಲಿಯರನ್ನು ಕನ್ನಡದ ರೈತರೆಂದೇ ಗುರುತಿಸಿದ್ದಾನೆ. ಬೀದಿಗೆ ಬಂದರೆ ತಮಿಳು, ಒಲೆಯ ಮುಂದೆ ಕನ್ನಡ.

ಈ ಕಣಿವೆಯ ಹಸಿರಿಗೆ ಬಹುಪಾಲು ಕಾರಣ ಮುಲ್ಲಪೆರಿಯಾರ್ ನೀರು. ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಯನ್ನು ಅಣೆಕಟ್ಟಿ ನಿಲ್ಲಿಸಿ, ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದ ಕೆಲಸ 1895ರಲ್ಲಿ ಮುಗಿಯಿತು. ಅದನ್ನು ಮಾಡಿಸಿದ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್. ಕಣಿವೆಯ ಜನ ಇಂದಿಗೂ ಅವನ ಪಟ ಇಟ್ಟು ಪೊಂಗಲ್ ಮಾಡುತ್ತಾರೆ, ಮಕ್ಕಳಿಗೆ ಅವನ ಹೆಸರಿಡುತ್ತಾರೆ.

ಅಲ್ಲಿನ ದ್ರಾಕ್ಷಿಗೆ ಪನ್ನೀರ್ ದ್ರಾಕ್ಷಿ ಎಂದು ಹೆಸರು. ಕಪ್ಪು ಹಣ್ಣು, ಮೆತ್ತನೆ ಸಿಪ್ಪೆ, ನಮ್ಮ ಪನ್ನೀರಿನದೇ ಪರಿಮಳ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ, ಆನೈಮಲೈಯನ್‌ಪಟ್ಟಿ, ರಾಯಪ್ಪನ್‌ಪಟ್ಟಿ ಇವೆಲ್ಲ ದ್ರಾಕ್ಷಿ ಊರುಗಳು. (ರಾಯಪ್ಪನ್ ಎಂದರೆ ತಮಿಳು ಕಥೋಲಿಕರ ಬಾಯಲ್ಲಿ ಪೇತ್ರ. ರಾಯಪ್ಪನ್‌ಪಟ್ಟಿಯಲ್ಲಿ ನಮ್ಮವರ ದೊಡ್ಡ ದೇವಾಲಯವಿದೆ.) ಬೇರೆ ಕಡೆ ದ್ರಾಕ್ಷಿಗೆ ಒಂದು ಹಂಗಾಮು, ಇಲ್ಲಿ ವರ್ಷವಿಡೀ ಕೊಯ್ಲು. 2023ರಲ್ಲಿ ಕಂಬಂ ಪನ್ನೀರ್ ದ್ರಾಕ್ಷಿಗೆ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಆಗ ಎಲ್ಲ ಪತ್ರಿಕೆಗಳಲ್ಲೂ ಬಂದ ಒಂದು ಸಾಲು ನಮ್ಮ ಕಣ್ಣಿಗೆ ಬಿತ್ತು: ಈ ತಳಿಯನ್ನು ತಮಿಳುನಾಡಿಗೆ ತಂದದ್ದು 1832ರಲ್ಲಿ ಒಬ್ಬ ಫ್ರೆಂಚ್ ಧರ್ಮಗುರು.

ಗುರುವೊಬ್ಬರು ಸಮುದ್ರ ದಾಟಿ ದ್ರಾಕ್ಷಿ ಬಳ್ಳಿ ತರುವುದೇಕೆ ಎಂದು ಬಲಿಪೂಜೆಗೆ ಬರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ನಾವು ಬಿಎಸ್ಸಿ ಓದಿದವರು, ಒಂದು ಅನುಮಾನವನ್ನು ನುಂಗಿಕೊಳ್ಳಲಾರೆವು. ಪನ್ನೀರ್ ದ್ರಾಕ್ಷಿಯ ಶಾಸ್ತ್ರೀಯ ತಳಿ ಮಸ್ಕಟ್ ಹ್ಯಾಂಬರ್ಗ್. ಹೆಸರಲ್ಲಿ ಜರ್ಮನಿ ಇದ್ದರೂ ಅದನ್ನು ಎರಡು ಹಳೆಯ ತಳಿಗಳ ಸಂಕರದಿಂದ ಬೆಳೆಸಿದ್ದು ಇಂಗ್ಲೆಂಡಿನ ಗಾಜಿನ ಮನೆಯೊಂದರಲ್ಲಿ, 19ನೇ ಶತಮಾನದ ನಡುಭಾಗದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಹಾಗಾದರೆ 1832ರಲ್ಲಿ ಗುರುಗಳು ತಂದದ್ದು ಬೇರೆ ಯಾವುದೋ ಮಸ್ಕಟ್ ಬಳ್ಳಿಯಾಗಿರಬೇಕು, ಇಲ್ಲವೇ ಇಸವಿ ಜಾರಿರಬೇಕು. ಇದರಿಂದ ಕಥೆ ಸುಳ್ಳೆಂದಾಗುವುದಿಲ್ಲ. ಆದರೆ ಜಾಹೀರಾತಿನಲ್ಲಿ ಬಂದ ಇಸವಿಯನ್ನು ಕ್ವಿಜ್‌ನಲ್ಲಿ ಕೇಳುವ ಮುನ್ನ ನಮ್ಮ ಯುವಕೂಟ ಎರಡು ಸಲ ಯೋಚಿಸಲಿ.

ಪನ್ನೀರ್ ದ್ರಾಕ್ಷಿಯ ಗುಣವೇ ಅದರ ಕಷ್ಟವೂ ಹೌದು. ಸಿಪ್ಪೆ ಮೆದು, ಹೆಚ್ಚು ದಿನ ತಡೆಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಲಾರಿ ಇಲ್ಲದೆ, ಕೊಳ್ಳುವವರಿಲ್ಲದೆ ಕಣಿವೆಯ ತೋಟಗಳಲ್ಲಿ ಹಣ್ಣು ಬಳ್ಳಿಯಲ್ಲೇ ಹಾಳಾಯಿತು. ಹಣ್ಣನ್ನು ಹಣ್ಣಾಗಿ ಮಾತ್ರ ಮಾರುವ ರೈತನ ಪಾಡು ಇದು. ಜ್ಯೂಸ್, ಜಾಮ್, ಒಣದ್ರಾಕ್ಷಿ ಮಾಡಿದರೆ ಹಣ್ಣಿನ ಆಯಸ್ಸು ತಿಂಗಳುಗಳಿಗೆ ಏರುತ್ತದೆ. ಜಿಐ ಹೆಸರಿನ ಬೆಲೆ ಆಗ ಹೆಚ್ಚು ಎದ್ದು ಕಾಣುತ್ತದೆ. ತಲಪ್ಪಾಕಟ್ಟಿ ಒಂದು ಕುಟುಂಬದ ಹೆಸರು, ಬೇರೆಯವರು ಮುಟ್ಟುವಂತಿಲ್ಲ. ಕಂಬಂ ದ್ರಾಕ್ಷಿಯ ಹೆಸರು ಊರಿನದು, ಅಲ್ಲಿ ಬೆಳೆದು ನೋಂದಾಯಿಸಿಕೊಂಡ ಎಲ್ಲರಿಗೂ ಸಲ್ಲುತ್ತದೆ. ನಮಗೆ ಎರಡನೆಯದು ಹೆಚ್ಚು ಇಷ್ಟ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೂ 2013ರಲ್ಲೇ ಜಿಐ ಸಿಕ್ಕಿದೆ. ಚಿಕ್ಕಬಳ್ಳಾಪುರದ ಕಡೆ ಬೆಳೆದು, ಡಿಸೆಂಬರಿನಲ್ಲಿ ನಮ್ಮ ಅಮ್ಮಂದಿರ ಭರಣಿ ಸೇರುವುದು ಇದೇ ಹಣ್ಣು.

ಭರಣಿಯ ಮಾತು ಬಂದ ಮೇಲೆ ವೈನ್ ಮಾತನ್ನೂ ಆಡಿಬಿಡೋಣ. ಕ್ರಿಸ್ತಜಯಂತಿ ಬಂದಾಗ ನಮ್ಮ ಸ್ಟಾಲಿನ ಮುಂದೆ ನಿಂತು "ಆಂಟಿ, ಮನೆ ವೈನ್ ಇದೆಯಾ?" ಎಂದು ಮೆಲ್ಲಗೆ ಕೇಳುವವರು ಪ್ರತಿ ವರ್ಷ ಇರುತ್ತಾರೆ. ಉತ್ತರ ಇಲ್ಲ ಎಂದೇ ಆಗಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ. ಹಬ್ಬದ ವೈನ್, ಅಜ್ಜಿಯ ವೈನ್ ಎಂದು ಕಾಯ್ದೆ ಭೇದ ಮಾಡುವುದಿಲ್ಲ. ತಮಿಳುನಾಡಿನಲ್ಲಿ ಇದರ ಬೇರು ಇನ್ನೂ ಹಳೆಯದು: ರಾಜಾಜಿ ಸರ್ಕಾರ 1937ರಲ್ಲಿ ಪಾನನಿಷೇಧ ಕಾಯ್ದೆ ತಂದು ಸೇಲಂ ಜಿಲ್ಲೆಯಿಂದ ಶುರುಮಾಡಿತು. ನಮ್ಮ ರಾಜ್ಯದಲ್ಲಿ 2007ರ ವೈನ್ ನೀತಿಯ ನಂತರ ವೈನರಿ ತೆರೆಯುವವರಿಗೆ ದಾರಿ ಸುಲಭವಾಗಿದೆ ನಿಜ. ಆದರೆ ಅದು ತೋಟ, ಕಟ್ಟಡ, ಲೈಸೆನ್ಸ್ ಇರುವವರ ದಾರಿ, ಐದು ಲೀಟರ್ ಭರಣಿಯ ದಾರಿಯಲ್ಲ.

ಹಾಗಾದರೆ ಭರಣಿ ಇರುವವರು ಏನು ಮಾಡಬೇಕು? ಇದಕ್ಕೆ ಉತ್ತರ ಕೊಟ್ಟವನು ಒಬ್ಬ ಹಲ್ಲಿನ ವೈದ್ಯ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಮೆಥೊಡಿಸ್ಟ್ ಸಭೆಯವನು, ಮದ್ಯ ವಿರೋಧಿ. ಪ್ರಭುಭೋಜನಕ್ಕೆ ಅಮಲಿಲ್ಲದ ದ್ರಾಕ್ಷಾರಸ ಬೇಕೆಂದು 1869ರಲ್ಲಿ ಮನೆಯ ಒಲೆಯ ಮೇಲೆ ಪ್ರಯೋಗಕ್ಕಿಳಿದ. ಹಿಂಡಿದ ರಸವನ್ನು ಸುಮ್ಮನೆ ಬಿಟ್ಟರೆ ಯೀಸ್ಟ್ ಅದರ ಸಕ್ಕರೆಯನ್ನು ಆಲ್ಕೋಹಾಲಾಗಿ, ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿ ಸಿಡಿಯುವುದು ಇದರಿಂದಲೇ. ಕಾಯಿಸಿದರೆ ಯೀಸ್ಟ್ ಸಾಯುತ್ತದೆ ಎಂಬುದನ್ನು ಲೂಯಿ ಪ್ಯಾಶ್ಚರ್ 1860ರ ದಶಕದಲ್ಲಿ ತೋರಿಸಿದ್ದ. ವೆಲ್ಚ್ ದ್ರಾಕ್ಷಿಯನ್ನು ಸ್ವಲ್ಪ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ ಬಿರಡೆ ಮೇಣ ಹಾಕಿ, ಬಾಟಲಿಯನ್ನೇ ಕುದಿಯುವ ನೀರಿನಲ್ಲಿಟ್ಟ. ರಸ ಹುಳಿಯಲಿಲ್ಲ. ಆದರೆ ಮಾರಾಟವಾಗಲಿಲ್ಲ! ನಾಲ್ಕೈದು ವರ್ಷದಲ್ಲಿ ಬೇಸತ್ತು ಬಿಟ್ಟ. ಮಗ ಚಾರ್ಲ್ಸ್ ಅದನ್ನು ಮತ್ತೆ ಎತ್ತಿಕೊಂಡ. 1893ರ ಷಿಕಾಗೋ ಮೇಳದಲ್ಲಿ ಸಾವಿರಾರು ಜನರಿಗೆ ರುಚಿ ತೋರಿಸಿದ ಮೇಲೆ ತಾನೂ ಹಲ್ಲು ಕೀಳುವ ವೃತ್ತಿ ಬಿಟ್ಟು ಪೂರ್ತಿ ದ್ರಾಕ್ಷಿ ರಸಕ್ಕಿಳಿದ. ಅಡುಗೆಮನೆಯಿಂದ ಮೇಳಕ್ಕೆ 24 ವರ್ಷ. (ಕಥೋಲಿಕರಾದ ನಮ್ಮ ಬಲಿಪೂಜೆಗೆ ಮಾತ್ರ ನಿಜವಾದ ದ್ರಾಕ್ಷಾರಸವೇ ಬೇಕು, ಧರ್ಮಸಭೆಯ ಕಾನೂನು 924ನೇ ವಿಧಿಯಲ್ಲಿ ಅದಿದೆ. ಸ್ಟಾಲಿಗೆ ಆ ಕಟ್ಟಲೆ ಇಲ್ಲ.)

ವೆಲ್ಚ್ ಬಳಸಿದ ಕಾಂಕರ್ಡ್ ದ್ರಾಕ್ಷಿಗೂ ನಮ್ಮ ಬೆಂಗಳೂರು ನೀಲಿಗೂ ಹತ್ತಿರದ ನೆಂಟಸ್ತನವಿದೆ. ಎರಡರಲ್ಲೂ ಅಮೆರಿಕದ ಕಾಡುದ್ರಾಕ್ಷಿ ಲ್ಯಾಬ್ರಸ್ಕಾದ ರಕ್ತವಿದೆ, ಎರಡೂ ಜ್ಯೂಸಿಗೆ ಹೇಳಿಮಾಡಿಸಿದವು. ಅದೇ ಒಲೆ, ಅದೇ ಬಟ್ಟೆ, ಅದೇ ಕುದಿನೀರು ನಮ್ಮಲ್ಲೂ ಇವೆ. ಲಾಕ್‌ಡೌನಿನಲ್ಲಿ ಸಂಬಳ ನಿಂತಾಗ ಕೇಕ್, ಉಪ್ಪಿನಕಾಯಿ ಮಾರಿ ಬಾಡಿಗೆ ಕಟ್ಟಿದ ತಾಯಂದಿರು ನಮ್ಮ ನಡುವೆ ಇದ್ದಾರೆ, ಅವರಿಗೆ ಇದು ಹವ್ಯಾಸದ ಮಾತೇ ಅಲ್ಲ. ಅವರಲ್ಲಿ ಹಲವರು ಇನ್ನೂ ನೋಂದಣಿ ಮಾಡಿಸಿಲ್ಲ, ಕಚೇರಿ ಎಂದರೆ ಭಯ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದಿತ್ತು. ಈಗಿನ ಮಿತಿ, ಶುಲ್ಕ ಎಷ್ಟೆಂದು ಅರ್ಜಿ ಹಾಕುವಾಗ ನೋಡಿಕೊಳ್ಳಬಹುದು. ಆಧಾರ್, ಫೋಟೋ ತಂದರೆ ಭಾನುವಾರ ಎರಡನೇ ಪೂಜೆಯ ನಂತರ ಯುವಕೂಟದ ಕೋಣೆಯಲ್ಲಿ ನಾವೇ ಕೂತು ಅರ್ಜಿ ತುಂಬಿಕೊಡುತ್ತೇವೆ. ಲ್ಯಾಪ್‌ಟಾಪ್ ಎರಡೇ ಇವೆ, ಸ್ವಲ್ಪ ಬೇಗ ಬನ್ನಿ.